ಮನೆಯ ಯಜಮಾನ, ತಾಯಿಯ ಪಾಠ: ಪ್ರೊಟೆಸ್ಟಂಟ್ ಮನೆಗಳಲ್ಲಿ ಮಕ್ಕಳು ಧರ್ಮ ಕಲಿತ ಬಗೆ

ಪ್ರಶ್ನೆ: ರೋಮಿನ ಚರ್ಚಿನಿಂದ ಬೇರೆಯಾದ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಕಾಲದಿಂದ 1700ರ ಆಸುಪಾಸಿನವರೆಗೆ ಪ್ರೊಟೆಸ್ಟಂಟ್ ಕುಟುಂಬಗಳಲ್ಲಿ ಮಕ್ಕಳಿಗೆ ಧರ್ಮ ಕಲಿಸುತ್ತಿದ್ದುದು ಹೇಗೆ? ತಂದೆಯೇ ಮನೆಯ ಪಾದ್ರಿ ಎಂದು ಓದಿದ್ದೇನೆ. ದಿನನಿತ್ಯ ಅದು ಹೇಗೆ ನಡೆಯುತ್ತಿತ್ತು, ಯಾವ ವಯಸ್ಸಿಗೆ ಏನು ಕಲಿಯಬೇಕಿತ್ತು? ಬಾಯಿಪಾಠ ಮತ್ತು ಬೆತ್ತ ಬಿಟ್ಟು ಬೇರೇನಾದರೂ ಇತ್ತೇ? ಮಕ್ಕಳು ನಿಜಕ್ಕೂ ಕಲಿತರೇ? ಧಾರವಾಡದ ನಮ್ಮ ಮನೆಯಲ್ಲಿ ಅಜ್ಜಿ ರಾತ್ರಿ ಊಟಕ್ಕೆ ಮುಂಚೆ ಪ್ರಶ್ನೋತ್ತರ ಕೇಳುತ್ತಿದ್ದರು. ಅದರ ಬೇರು ಅಲ್ಲಿಯದೇ?

ಉತ್ತರ: ಬಾಯಿಪಾಠ ಇತ್ತು, ಬೆತ್ತವೂ ಇತ್ತು. ಆದರೆ ಪದ್ಧತಿ ನಿಂತಿದ್ದುದು ಅವೆರಡರ ಮೇಲಲ್ಲ. ಮನೆಯಲ್ಲಿ ಯಾರಾದರೊಬ್ಬರು ದಿನಾ ಕೂತು ಹೇಳಿಕೊಡಬೇಕು, ಹೊರಗಿನವರೊಬ್ಬರು ಆಗಾಗ ಬಂದು ಅದನ್ನು ಒಪ್ಪಿಸಿಕೊಳ್ಳಬೇಕು. ಎರಡೂ ಕೂಡಿಬಂದ ಊರುಗಳಲ್ಲಿ ಮಕ್ಕಳು ಕಲಿತರು. ಯಾವುದಾದರೊಂದು ತಪ್ಪಿದ ಕಡೆ ಬಹಳಷ್ಟು ಸಲ ಕಲಿಯಲಿಲ್ಲ. ಇನ್ನು ‘ಹೇಳಿಕೊಡುವವರು’ ಪುಸ್ತಕಗಳಲ್ಲಿ ಯಾವಾಗಲೂ ತಂದೆ. ಮನೆಯೊಳಗೆ ಹೊಕ್ಕು ನೋಡಿದರೆ ತಾಯಿ, ಕೆಲವು ಕಡೆ ಅಕ್ಕ, ಕೆಲವು ಕಡೆ ಓದಬಲ್ಲ ಕೆಲಸದಾಕೆ.

ಜರ್ಮನಿಯ ಸ್ಯಾಕ್ಸನಿಯಿಂದಲೇ ಶುರುಮಾಡೋಣ. 1528ರಲ್ಲಿ ಅಲ್ಲಿನ ಹಳ್ಳಿಗಳ ಚರ್ಚುಗಳನ್ನು ತಪಾಸಣೆ ಮಾಡುವ ತಂಡದಲ್ಲಿ ಲೂಥರ್ ಕೂಡ ಓಡಾಡಿದ. ಹಳ್ಳಿಗರಿಗೆ ಕರ್ತನ ಪ್ರಾರ್ಥನೆ ಬಾರದು, ಹತ್ತು ಆಜ್ಞೆ ಬಾರದು, ಎಷ್ಟೋ ಪಾದ್ರಿಗಳಿಗೇ ಕಲಿಸಲು ಬಾರದು ಎಂದು ಕಂಡು ಕಂಗಾಲಾದ. ಮರುವರ್ಷ, 1529ರಲ್ಲಿ, ಅವನ ‘ಸಣ್ಣ ಪ್ರಶ್ನೋತ್ತರ’ ಹೊರಬಂತು; ಧರ್ಮದ ಮೂಲಪಾಠವನ್ನು ಪ್ರಶ್ನೆ, ಉತ್ತರಗಳಾಗಿ ಕಲಿಸುವ ಕೈಪಿಡಿ ಅದು. ಮೊದಲು ಬಂದದ್ದು ಪುಸ್ತಕವಾಗಿ ಅಲ್ಲ, ಗೋಡೆಗೆ ತೂಗುಹಾಕುವ ದೊಡ್ಡ ಹಾಳೆಗಳಾಗಿ. ಅದರ ಒಳಗಿನ ಭಾಗಗಳಿಗೆಲ್ಲ ಒಂದೇ ಬಗೆಯ ತಲೆಬರಹ: ಮನೆಯ ಯಜಮಾನ ಇದನ್ನು ತನ್ನ ಮನೆಯವರಿಗೆ ಸರಳವಾಗಿ ಹೇಳಿಕೊಡಬೇಕಾದ ರೀತಿ. ಇಲ್ಲಿ ‘ಮನೆಯವರು’ ಎಂದರೆ ಹೆತ್ತ ಮಕ್ಕಳಷ್ಟೇ ಅಲ್ಲ, ಆಳುಕಾಳು, ಕಸುಬು ಕಲಿಯಲು ಬಂದು ಮನೆಯಲ್ಲೇ ಇರುವ ಹುಡುಗರು, ಎಲ್ಲರೂ ಸೇರಿ. ಇದನ್ನು ಮರೆತರೆ ಆ ಕಾಲದ ಕುಟುಂಬದ ಚಿತ್ರವೇ ತಪ್ಪಾಗುತ್ತದೆ. ಕುಟುಂಬ ಪ್ರಾರ್ಥನೆಗೆ ಮಗನ ಪಕ್ಕದಲ್ಲಿ ಹಾಲು ಕರೆಯುವ ಹುಡುಗಿಯೂ ಕೂರಬೇಕಿತ್ತು.

ಆ ಸಣ್ಣ ಪುಸ್ತಕದ ಕಟ್ಟೋಣವನ್ನು ಹತ್ತಿರದಿಂದ ನೋಡಿ, ಏಕೆಂದರೆ ಕಲಿಸುವ ಗುಟ್ಟು ಅಲ್ಲಿದೆ. ಲೂಥರ್ ಎಣಿಕೆಯ ಐದನೇ ಆಜ್ಞೆ: ‘ನರಹತ್ಯೆ ಮಾಡಬಾರದು.’ ಕೂಡಲೇ ಪುಟ್ಟ ಪ್ರಶ್ನೆ: ‘ಹಾಗೆಂದರೇನು?’ ಉತ್ತರ: ‘ನಾವು ದೇವರಿಗೆ ಭಯಪಟ್ಟು ಆತನನ್ನು ಪ್ರೀತಿಸಬೇಕು; ಆಗ ನೆರೆಯವನ ಮೈಗೆ ಕೇಡಾಗಲಿ ನೋವಾಗಲಿ ಮಾಡದೆ, ಅವನ ಎಲ್ಲ ಕಷ್ಟದಲ್ಲಿ ಅವನಿಗೆ ನೆರವಾಗುತ್ತೇವೆ.’ ಮೊದಲನೆಯದನ್ನು ಬಿಟ್ಟು ಮಿಕ್ಕ ಒಂಬತ್ತೂ ಆಜ್ಞೆಗಳ ವಿವರಣೆ ಇದೇ ‘ಭಯಪಟ್ಟು ಪ್ರೀತಿಸಬೇಕು’ ಎಂಬ ಮಾತಿನಿಂದ ಏಳುತ್ತದೆ. ಮಗುವಿಗೆ ಉತ್ತರದ ಬಾಗಿಲು ಪ್ರತಿಸಲ ತಾನಾಗಿ ತೆರೆದುಕೊಳ್ಳುತ್ತದೆ, ಹೊಸದಾಗಿ ನೆನಪಿಡಬೇಕಾದದ್ದು ಮುಂದಿನ ಅರ್ಧ ಮಾತ್ರ. ಆ ಅರ್ಧದಲ್ಲೂ ಹೆಚ್ಚಿನ ಕಡೆ ಒಂದು ‘ಮಾಡಬಾರದು’, ಅದರ ಬೆನ್ನಿಗೆ ಒಂದು ‘ಮಾಡಬೇಕು’. ಸಚಿತ್ರ ಮುದ್ರಣಗಳಲ್ಲಿ ಈ ಆಜ್ಞೆಯ ಪಕ್ಕ ಸತ್ಯವೇದದ ಕಥೆಯ ಕಾಯಿನನು ತಮ್ಮ ಹೇಬೆಲನನ್ನು ಕೊಲ್ಲುವ ಮರದಚ್ಚಿನ ಚಿತ್ರವೂ ಇತ್ತು. ಓದು ಬಾರದ ಮಗು ಚಿತ್ರ ನೋಡಿಯೇ ಆಜ್ಞೆ ಹೇಳಬಹುದಿತ್ತು.

ಮುನ್ನುಡಿಯಲ್ಲಿ ಲೂಥರ್ ಹೇಳುವ ಕ್ರಮ ಮೂರು ಮೆಟ್ಟಿಲಿನದು. ಮೊದಲು ಬರೀ ಮೂಲಪಾಠ, ಅಕ್ಷರಕ್ಷರ ಅದೇ ಮಾತಿನಲ್ಲಿ. ಅದು ಬಾಯಿಗೆ ಬಂದ ಮೇಲೆ ಅರ್ಥ, ಒಂದೊಂದೇ ಆಜ್ಞೆಯಾಗಿ, ಆತುರವಿಲ್ಲದೆ. ಆಮೇಲೆ ಅವನದೇ ಇನ್ನೊಂದು ಪುಸ್ತಕವಾದ ದೊಡ್ಡ ಪ್ರಶ್ನೋತ್ತರದ ವಿಸ್ತಾರ. ಇಲ್ಲಿ ಅವನು ಬಹಳ ಒತ್ತಿ ಹೇಳುವುದು ಒಂದೇ: ಒಂದು ಪಾಠಾಂತರ ಆರಿಸಿಕೊಂಡರೆ ಅದನ್ನೇ ವರ್ಷವರ್ಷವೂ ಹಿಡಿದಿರಿ, ಒಂದು ಅಕ್ಷರವನ್ನೂ ಬದಲಿಸಬೇಡಿ. ಈ ವರ್ಷ ಒಂದು ಥರ, ಮುಂದಿನ ವರ್ಷ ಇನ್ನೊಂದು ಥರ ಹೇಳಿದರೆ ಮಕ್ಕಳು ಗಲಿಬಿಲಿಗೊಂಡು ಎರಡನ್ನೂ ಕಳೆದುಕೊಳ್ಳುತ್ತಾರೆ. ಪಂಡಿತರ ಮುಂದೆ ನಿಮ್ಮ ಜಾಣ್ಮೆ ತೋರಿಸಿ, ಮಕ್ಕಳ ಮುಂದೆ ಬೇಡ ಎನ್ನುವುದು ಅವನ ಮಾತಿನ ಸಾರ. ಮಕ್ಕಳಿಗೆ ಏನನ್ನಾದರೂ ಕಂಠಪಾಠ ಮಾಡಿಸಿದವರಿಗೆಲ್ಲ ಇದರ ಬೆಲೆ ಗೊತ್ತು.

ಬೇರೆ ಊರುಗಳ ಪುಸ್ತಕಗಳು ಬೇರೆ ಅಳತೆಯವು. ಜಿನೀವಾದಲ್ಲಿ ಕ್ಯಾಲ್ವಿನ್ 1542ರಲ್ಲಿ ಕೊಟ್ಟದ್ದರಲ್ಲಿ 373 ಪ್ರಶ್ನೆಗಳು, 55 ಭಾನುವಾರಗಳಿಗೆ ಹಂಚಿದವು. ಮಧ್ಯಾಹ್ನ ಮಕ್ಕಳಿಗೆಂದೇ ಚರ್ಚಿನಲ್ಲಿ ಪಾಠ. ಮಧ್ಯೆ ನಾಲ್ಕು ವಾರ ಜ್ವರ ಬಂದು ಮಲಗಿದ ಮಗುವಿಗೆ ಎಳೆ ಸಿಗುವುದು ಕಷ್ಟ. 1563ರ ಹೈಡಲ್‌ಬರ್ಗ್ ಪುಸ್ತಕದಲ್ಲಿ 129 ಪ್ರಶ್ನೆ, ಸರಿಯಾಗಿ 52 ಭಾನುವಾರ, ವರ್ಷಕ್ಕೊಂದು ಸುತ್ತು. 1647ರ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರದಲ್ಲಿ 107. ಅಲ್ಲಿ ಪ್ರತಿ ಉತ್ತರವೂ ಪ್ರಶ್ನೆಯನ್ನು ಒಳಗೆ ಎಳೆದುಕೊಳ್ಳುತ್ತದೆ: ‘ಮನುಷ್ಯನ ಮುಖ್ಯ ಗುರಿ ಏನು?’ ‘ಮನುಷ್ಯನ ಮುಖ್ಯ ಗುರಿ ದೇವರನ್ನು ಮಹಿಮೆಪಡಿಸುವುದು, ಎಂದೆಂದಿಗೂ ಆತನಲ್ಲಿ ಆನಂದಿಸುವುದು.’ ಪ್ರಶ್ನೆ ಮರೆತರೂ ಉತ್ತರ ತಾನೇ ಪೂರ್ತಿ ವಾಕ್ಯವಾಗಿ ನಿಲ್ಲುತ್ತದೆ. ಆದರೆ ಆರು ವರ್ಷದ ಮಗುವಿಗೆ ಅದು ಗಟ್ಟಿ ಕಾಳು. ಅಮೆರಿಕದ ಬಾಸ್ಟನ್ನಿನ ಪಾದ್ರಿ ಜಾನ್ ಕಾಟನ್ ಚಿಕ್ಕ ಮಕ್ಕಳಿಗೆಂದೇ 64 ಪ್ರಶ್ನೆಗಳ ‘ಹಾಲಿನ’ ಪುಸ್ತಕ ಬರೆದದ್ದು ಇಂಥ ಹಲ್ಲಿಲ್ಲದ ಬಾಯಿಗಳಿಗಾಗಿಯೇ.

ದಿನದ ಕ್ರಮಕ್ಕೆ ಬರೋಣ. ಲೂಥರನ ಪುಸ್ತಕದಂತೆ ಬೆಳಿಗ್ಗೆ ಎದ್ದಕೂಡಲೇ ಶಿಲುಬೆ ಗುರುತು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಒಂದು ಕಿರು ಪ್ರಾರ್ಥನೆ. ಆಮೇಲೆ ಒಂದು ಹಾಡು ಹೇಳಿಕೊಂಡು ಖುಷಿಯಿಂದ ಕೆಲಸಕ್ಕೆ. ಊಟದ ಮುಂಚೆ ಮತ್ತು ಆಮೇಲೆ ಕೈ ಜೋಡಿಸಿ ಸ್ತೋತ್ರ. ರಾತ್ರಿ ಮತ್ತೆ ಅದೇ, ಕೂಡಲೇ ನೆಮ್ಮದಿಯ ನಿದ್ದೆ. ಐದು ನಿಮಿಷದ ಕೆಲಸ. ಕ್ಯಾಲ್ವಿನ್ ದಾರಿಯ ಮನೆಗಳಲ್ಲಿ, ಅದರಲ್ಲೂ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಪ್ಯೂರಿಟನ್ (ಚರ್ಚನ್ನು ಇನ್ನೂ ಶುದ್ಧಗೊಳಿಸಬೇಕೆಂದ ಕಟ್ಟಾ ಪ್ರೊಟೆಸ್ಟಂಟರ) ಮನೆಗಳಲ್ಲಿ, ಅದು ಉದ್ದ: ಸತ್ಯವೇದದ, ಎಂದರೆ ಬೈಬಲಿನ, ಒಂದು ಕೀರ್ತನೆ ಹಾಡುವುದು, ಅದರ ಒಂದು ಅಧ್ಯಾಯ ಓದುವುದು, ಯಜಮಾನ ಸ್ವಂತ ಮಾತಿನಲ್ಲಿ ಪ್ರಾರ್ಥಿಸುವುದು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಶಿಲುಬೆ ಗುರುತು ಅಲ್ಲಿ ಇಲ್ಲ. ಅದನ್ನು ಅವರು ರೋಮಿನ ಉಳಿಕೆ ಎಂದು ತಳ್ಳಿದ್ದರು.

ಭಾನುವಾರದ ಪಾಠ ಬೇರೆಯದು. ಚರ್ಚಿನಿಂದ ಬಂದ ಮೇಲೆ ಪ್ಯೂರಿಟನ್ ತಂದೆ ಮಕ್ಕಳನ್ನೂ ಆಳುಗಳನ್ನೂ ಕೂರಿಸಿಕೊಂಡು ಪ್ರಸಂಗವನ್ನು (ಪಾದ್ರಿಯ ಪ್ರವಚನವನ್ನು) ಅವರ ಬಾಯಿಂದಲೇ ವಾಪಸ್ ಹೇಳಿಸುತ್ತಿದ್ದ. ಚಿಕ್ಕದಕ್ಕೆ ಆಧಾರ ವಚನ ಯಾವುದು ಎಂದಷ್ಟೇ ಕೇಳುವುದು. ದೊಡ್ಡವರು ಒಂದನೆಯದು, ಎರಡನೆಯದು ಎಂದು ಮುಖ್ಯ ಅಂಶಗಳನ್ನು ಹೇಳಬೇಕು. ಬರೆಯಬಲ್ಲವರು ಚರ್ಚಿನಲ್ಲೇ ಟಿಪ್ಪಣಿ ಮಾಡಿಕೊಂಡಿರುತ್ತಿದ್ದರು. ನನ್ನ ಮಟ್ಟಿಗೆ ಬೋಧನೆಯ ದೃಷ್ಟಿಯಿಂದ ಇಡೀ ಪದ್ಧತಿಯಲ್ಲಿ ಅತ್ಯುತ್ತಮವಾದ ಅಂಗ ಇದು. ಪ್ರಶ್ನೋತ್ತರದಲ್ಲಿ ಮಗು ಬೇರೆಯವರ ಮಾತನ್ನು ಒಪ್ಪಿಸುತ್ತದೆ, ಇಲ್ಲಿ ಕೇಳಿದ್ದನ್ನು ತನ್ನ ಮಾತಿನಲ್ಲಿ ಕಟ್ಟಬೇಕು.

ವಯಸ್ಸಿನ ಲೆಕ್ಕ ಹೀಗೆ: ಮಾತು ಬಂದಕೂಡಲೇ ಕರ್ತನ ಪ್ರಾರ್ಥನೆ ಕಿವಿಯಿಂದ. ನಾಲ್ಕರಿಂದ ಆರರೊಳಗೆ ಅಕ್ಷರ. ಇಂಗ್ಲೆಂಡಿನಲ್ಲಿ ಮುಂದಿನ ಏಣಿಯನ್ನು ತತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ‘ಮಾಮೂಲಿ ದಾರಿ’ ಎಂದು ಹೆಸರಿಸುತ್ತಾನೆ: ಹಾರ್ನ್‌ಬುಕ್, ಪ್ರೈಮರ್ (ಮೊದಲ ಓದುಪುಸ್ತಕ), ಕೀರ್ತನೆಗಳ ಪುಸ್ತಕ, ಹೊಸ ಒಡಂಬಡಿಕೆ, ಕೊನೆಗೆ ಇಡೀ ಸತ್ಯವೇದ. ಈ ದಾರಿಯ ಬಗ್ಗೆ ಅವನಿಗೆ ದೊಡ್ಡ ತಕರಾರಿತ್ತು. ಅಧ್ಯಾಯಗಳನ್ನು ಇದ್ದ ಸಾಲಿನಲ್ಲೇ ಮಕ್ಕಳಿಂದ ಓದಿಸುತ್ತ ಹೋದರೆ ಅವರಿಗೆ ಓದಿನ ಸುಖವೂ ಇಲ್ಲ, ಧರ್ಮದ ತಿಳಿವೂ ಇಲ್ಲ ಎಂದ. ಯಾಜಕಕಾಂಡದ ಬಲಿಗಳ ವಿವರದ ನಡುವೆ ಸಿಕ್ಕಿಕೊಂಡ ಏಳು ವರ್ಷದ ಮಗುವನ್ನು ನೆನೆದರೆ ಅವನ ಮಾತು ಸರಿ.

ಹಾರ್ನ್‌ಬುಕ್ ಎಂದರೆ ಪುಸ್ತಕವಲ್ಲ, ಹಿಡಿ ಇರುವ ಪುಟ್ಟ ಮರದ ಹಲಗೆ. ಅದರ ಮೇಲೆ ಒಂದೇ ಹಾಳೆ, ಹಾಳೆಯ ಮೇಲೆ ಬೆಳಕು ತೂರುವಷ್ಟು ತೆಳ್ಳಗೆ ಸೀಳಿದ ದನದ ಕೊಂಬಿನ ಹೊದಿಕೆ, ಸುತ್ತ ಲೋಹದ ಪಟ್ಟಿ ಬಡಿದು ಮೊಳೆ. ಕೊಳೆ ಕೈ, ಜೊಲ್ಲು ಯಾವುದಕ್ಕೂ ಹಾಳೆ ಹಾಳಾಗದು. ಸಾಲಿನ ಮೊದಲಲ್ಲಿ ಶಿಲುಬೆ, ಆಮೇಲೆ ಅಕ್ಷರಮಾಲೆ, ಸ್ವರಗಳು, ಅಬ್-ಎಬ್-ಇಬ್ ಎಂಬ ಕೂಡಕ್ಷರಗಳು, ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಎಂಬ ಸಾಲು, ಕೆಳಗೆ ಕರ್ತನ ಪ್ರಾರ್ಥನೆ. ಆ ಪ್ರಾರ್ಥನೆ ಅಲ್ಲಿರುವುದು ಭಕ್ತಿಗಾಗಿ ಮಾತ್ರವಲ್ಲ. ಮಗುವಿಗೆ ಅದು ಆಗಲೇ ಬಾಯಿಗೆ ಬಂದಿದೆ. ಗೊತ್ತಿರುವ ಧ್ವನಿಯನ್ನು ಗೊತ್ತಿಲ್ಲದ ಅಕ್ಷರಕ್ಕೆ ಕೂಡಿಸುವುದಷ್ಟೇ ಬಾಕಿ. ಇದೇ ಜಾಗದಲ್ಲಿ ಮೋಸವೂ ಆಗುತ್ತದೆ: ಬಾಯಿ ಸರಾಗವಾಗಿ ಹೇಳುತ್ತದೆ, ಕಣ್ಣು ಒಂದಕ್ಷರವನ್ನೂ ಓದಿರುವುದಿಲ್ಲ. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿದಾಗಲೇ ನಿಜ ಗೊತ್ತಾಗುವುದು.

ಓದು ಮೊದಲು, ಬರಹ ಎಷ್ಟೋ ತಡವಾಗಿ, ಬೇರೆಯೇ ಪಾಠವಾಗಿ. ಎಷ್ಟೋ ಹೆಣ್ಣುಮಕ್ಕಳಿಗೆ, ಬಡವರ ಮಕ್ಕಳಿಗೆ ಬರಹ ಬರಲೇ ಇಲ್ಲ. ಹಾಗಾಗಿ ಹಳೆಯ ದಸ್ತಾವೇಜುಗಳಲ್ಲಿ ಸಹಿಯ ಬದಲು ಗೀಟು ಎಳೆದವರನ್ನೆಲ್ಲ ‘ಓದು ಬಾರದವರು’ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸತ್ಯವೇದ ಓದಬಲ್ಲ, ಹೆಸರು ಬರೆಯಲಾರದ ತಾಯಂದಿರು ಬೇಕಾದಷ್ಟಿದ್ದರು.

ತಾಯಿಯ ಪಾಠಕ್ಕೆ ನಮಗೆ ಸಿಗುವ ಅತ್ಯಂತ ವಿವರವಾದ ದಾಖಲೆ ಸ್ವಲ್ಪ ಈಚಿನದು: ಇಂಗ್ಲೆಂಡಿನ ಎಪ್‌ವರ್ತ್ ಹಳ್ಳಿಯ ಪಾದ್ರಿಯ ಹೆಂಡತಿ ಸುಸಾನಾ ವೆಸ್ಲಿ, ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿಯ ತಾಯಿ, 1732ರಲ್ಲಿ ಮಗನಿಗೆ ಬರೆದ ಪತ್ರ. ಐದು ವರ್ಷ ತುಂಬಿದ ಮರುದಿನ ಮಗುವಿಗೆ ಅಕ್ಷರಾಭ್ಯಾಸ, ಬೆಳಿಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5. ಅಷ್ಟೂ ಅಕ್ಷರ ಒಂದೇ ದಿನದಲ್ಲಿ. ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಒಂದೂವರೆ ದಿನ ಹಿಡಿಯಿತು. ಮರುದಿನ ನೇರ ಆದಿಕಾಂಡದ ಮೊದಲ ವಚನ: ಕೂಡಿಸಿ ಕೂಡಿಸಿ ಓದುವುದು, ತಡವರಿಸದೆ ಬರುವವರೆಗೆ ಎರಡನೆಯದಕ್ಕೆ ಹೋಗುವಂತಿಲ್ಲ. ರಾತ್ರಿ ಒಬ್ಬೊಬ್ಬ ಮಗುವಿಗೆ ಒಂದೊಂದು ದಿನ, ಒಬ್ಬರೇ ತಾಯಿಯ ಜೊತೆ ಕೂತು ಮಾತಾಡುವ ಹೊತ್ತು; ಜಾನನದು ಗುರುವಾರ. ಗಂಡ ಲಂಡನ್ನಿಗೆ ಹೋಗಿ ತಿಂಗಳುಗಟ್ಟಲೆ ಇದ್ದಾಗ ಮನೆಯ ಪ್ರಾರ್ಥನೆ ನಡೆಸಿದವಳೂ ಇವಳೇ. ಅದನ್ನು ಕೇಳಲು ಊರವರೂ ಬಂದು ತುಂಬಿಕೊಂಡರು. ಅದಕ್ಕೆ ಆಕ್ಷೇಪವೂ ಬಂತು.

ಶಿಕ್ಷೆಯ ವಿಷಯದಲ್ಲೂ ಅವಳ ಪತ್ರವೇ ಹೆಚ್ಚು ಹೇಳುತ್ತದೆ. ಮಗುವಿನ ಹಟ ಮುರಿಯಲೇಬೇಕು ಎಂದು ಅವಳು ನಂಬಿದ್ದಳು, ಹೊಡೆಯುತ್ತಿದ್ದಳು, ಒಂದು ವರ್ಷದ ಕೂಸಿಗೂ ಮೆಲ್ಲಗೆ ಅಳುವುದನ್ನು ಕಲಿಸಿದ್ದಳು. ಅದನ್ನು ಇಂದು ಓದುವಾಗ ನೋವಾಗುತ್ತದೆ. ಜೊತೆಗೇ ಎರಡು ಕಟ್ಟುಪಾಡು: ತಪ್ಪು ತಾನೇ ಒಪ್ಪಿಕೊಂಡು ತಿದ್ದಿಕೊಳ್ಳುವೆ ಎಂದ ಮಗುವಿಗೆ ಹೊಡೆತವಿಲ್ಲ, ಒಂದೇ ತಪ್ಪಿಗೆ ಎರಡು ಸಲ ಬೈಗುಳವಾಗಲಿ ಹೊಡೆತವಾಗಲಿ ಇಲ್ಲ. ಕಾರಣವನ್ನೂ ಹೇಳುತ್ತಾಳೆ: ಹೊಡೆತದ ಭಯವೇ ಮಕ್ಕಳಿಗೆ ಸುಳ್ಳು ಕಲಿಸುತ್ತದೆ. ಲೂಥರನಿಗೂ ಇದು ಗೊತ್ತಿತ್ತು. ಒಂದು ಕಾಯಿ ಕದ್ದದ್ದಕ್ಕೆ ತನ್ನ ತಾಯಿ ರಕ್ತ ಬರುವಂತೆ ಹೊಡೆದದ್ದನ್ನು ಅವನು ಮುಪ್ಪಿನಲ್ಲೂ ಮರೆತಿರಲಿಲ್ಲ. ಬೆತ್ತದ ಪಕ್ಕದಲ್ಲಿ ಸೇಬೂ ಇರಲಿ ಎನ್ನುತ್ತಿದ್ದ. 1530ರಲ್ಲಿ ಕೋಬುರ್ಗ್ ಕೋಟೆಯಿಂದ ನಾಲ್ಕು ವರ್ಷದ ಮಗ ಹಾನ್ಸ್‌ಗೆ ಬರೆದ ಪತ್ರದಲ್ಲಿ ನರಕದ ಸುದ್ದಿಯೇ ಇಲ್ಲ. ಪ್ರಾರ್ಥಿಸಿ ಓದುವ ಮಕ್ಕಳಿಗೊಂದು ತೋಟವಿದೆ, ಅಲ್ಲಿ ಸೇಬು, ಪೇರು, ಚೆರ್ರಿ, ಚಿನ್ನದ ಲಗಾಮಿನ ಪುಟ್ಟ ಕುದುರೆಗಳು ಇವೆ ಎಂದು ಬರೆಯುತ್ತಾನೆ.

ಎಲ್ಲ ಮನೆಗಳಲ್ಲಿ ತೋಟದ ಮಾತಿರಲಿಲ್ಲ. ಹುಟ್ಟಿನಿಂದಲೇ ಪಾಪಿ, ಆರಿಸಲ್ಪಟ್ಟವರಿಗಷ್ಟೇ ರಕ್ಷಣೆ ಎಂಬ ಬೋಧನೆ ಸೂಕ್ಷ್ಮ ಮನಸ್ಸಿನ ಮಗುವಿಗೆ ಏನು ಮಾಡಬಹುದು ಎಂಬುದು ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಲನ ದಿನಚರಿಯಲ್ಲಿದೆ. 1696ರ ಜನವರಿಯ ಒಂದು ರಾತ್ರಿ ಏಳು ದಾಟಿ ಅವನು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಎದುರಾದಳು. 14 ವರ್ಷದ ಮಗಳು ಬೆಟ್ಟಿ ಊಟವಾದ ಸ್ವಲ್ಪ ಹೊತ್ತಿಗೆ ಮನೆಮಂದಿಯೆಲ್ಲ ಬೆಚ್ಚಿ ಅಳುವಂತೆ ಚೀರಿ ಅತ್ತಿದ್ದಳು. ನರಕಕ್ಕೆ ಹೋಗುವೆನೆಂಬ ಭಯ, ತನ್ನ ಪಾಪಗಳಿಗೆ ಕ್ಷಮೆ ಸಿಕ್ಕಿಲ್ಲ ಎಂಬ ಭಯ. ‘ನನ್ನನ್ನು ಹುಡುಕುವಿರಿ, ಕಾಣುವುದಿಲ್ಲ’ ಎಂಬ ವಚನದ ಮೇಲಿನ ಒಂದು ಪ್ರಸಂಗವನ್ನು ತಂದೆ ಓದಿದ್ದೇ ಅವಳಿಗೆ ಮೊದಲ ಪೆಟ್ಟು. ಪ್ರಾರ್ಥಿಸುತ್ತೀಯಾ ಎಂದು ತಾಯಿ ಕೇಳಿದರೆ, ಹೌದು, ಆದರೆ ಅದು ಕೇಳಿಸುತ್ತಿಲ್ಲವೇನೋ ಎಂದಳು. ಪಾದ್ರಿಯನ್ನು ಕರೆಸಿದರು. ಮಗು ಗೊಂದಲದಲ್ಲಿತ್ತು, ಸರಿಯಾಗಿ ಹೇಳಲೂ ಆಗಲಿಲ್ಲ. ವಾರಗಳು ಕಳೆದರೂ ಭಯ ಹೋಗಲಿಲ್ಲ. ಒಂದು ಮುಂಜಾನೆ ಎದ್ದಕೂಡಲೇ ಬಂದು, ತಾನು ತಳ್ಳಲ್ಪಟ್ಟವಳೇನೋ ಎಂದು ತಂದೆಯ ಹತ್ತಿರ ಅತ್ತಳು. ಅವನು ಬೈಯಲಿಲ್ಲ, ಜೊತೆಯಲ್ಲಿ ಕೂತು ಪ್ರಾರ್ಥಿಸಿದ, ಇಬ್ಬರೂ ಅತ್ತರು. ಈ ಪುಟಗಳನ್ನು ಓದಿದವರು ಆ ತಂದೆತಾಯಿಗೆ ಮಕ್ಕಳ ಮೇಲೆ ಪ್ರೀತಿಯಿರಲಿಲ್ಲ ಎನ್ನಲಾರರು. ಪ್ರೀತಿಯಿತ್ತು. ಆ ಭಯ ತೆಗೆಯುವ ಮದ್ದು ಅವರ ಬೋಧನೆಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ.

ಮಕ್ಕಳು ಕಲಿತರೇ? ಜರ್ಮನಿಯ ತಪಾಸಣೆ ವರದಿಗಳನ್ನು ಜಾಲಾಡಿದ ಇತಿಹಾಸಕಾರ ಗೆರಾಲ್ಡ್ ಸ್ಟ್ರಾಸ್ 1970ರ ದಶಕದಲ್ಲಿ, ಇಲ್ಲ, ಬಹುಪಾಲು ಸೋತಿತು ಎಂದರು. ಜನ ಪಾಠಕ್ಕೆ ಬರುವುದಿಲ್ಲ, ಬಂದವರು ಗಿಳಿಪಾಠ ಒಪ್ಪಿಸುತ್ತಾರೆ ಎಂಬ ದೂರು ಆ ವರದಿಗಳಲ್ಲಿ ತುಂಬಿದೆ. ಅವರನ್ನು ಒಪ್ಪದವರೂ ಇದ್ದಾರೆ: ತಪಾಸಣೆಗೆ ಹೋದವರು ಕೊರತೆ ಬರೆಯಲೆಂದೇ ಹೋದವರು, ಊರಿಂದೂರಿಗೆ ಚಿತ್ರವೂ ಬೇರೆ. ನನಗೆ ಹೆಚ್ಚು ಪಾಠ ಕಲಿಸುವುದು ಸ್ವೀಡನ್. 1686ರ ಚರ್ಚ್ ಕಾಯಿದೆ, ಮಕ್ಕಳೂ ಆಳುಗಳೂ ಓದು ಕಲಿತು ದೇವರ ಆಜ್ಞೆಯನ್ನು ತಮ್ಮ ಕಣ್ಣಿಂದಲೇ ನೋಡಬೇಕು ಎಂದಿತು. ಸಣ್ಣ ಪ್ರಶ್ನೋತ್ತರ ಬಾರದವರಿಗೆ ಮದುವೆಯೂ ಇಲ್ಲ. ಪಾದ್ರಿ ಹಳ್ಳಿಯ ಒಂದೊಂದು ಗುಂಪನ್ನು ಒಂದು ಮನೆಯಲ್ಲಿ ಸೇರಿಸಿ ಒಬ್ಬೊಬ್ಬರನ್ನೇ ಪರೀಕ್ಷಿಸುತ್ತಿದ್ದ. ಅವನ ದಪ್ಪ ದಾಖಲೆ ಪುಸ್ತಕದಲ್ಲಿ ಮನೆವಾರು ಹೆಸರು: ಗಂಡ, ಹೆಂಡತಿ, ಮಕ್ಕಳು, ಆಳು. ಎದುರಿಗೆ ಗೆರೆ ಎಳೆದ ಕಲಮುಗಳಲ್ಲಿ ಚಿಕ್ಕ ಚಿಕ್ಕ ಗುರುತು. ಪುಸ್ತಕ ನೋಡಿ ಓದುವುದಕ್ಕೆ ಒಂದು, ನೋಡದೆ ಹೇಳುವುದಕ್ಕೆ ಇನ್ನೊಂದು, ಕೆಲವು ಕಡೆ ಅರ್ಥವಾಯಿತೇ ಎಂಬುದಕ್ಕೆ ಮತ್ತೊಂದು. ಹಾರ್ನ್‌ಬುಕ್ಕಿನ ಮೋಸವನ್ನು ಹಿಡಿಯುವ ಕಲಮು ಇಲ್ಲಿದೆ. ಕಲಿಸುವುದು ಮಾತ್ರ ಮನೆಯವರೇ. ಸಾರ್ವತ್ರಿಕ ಶಾಲಾ ಕಾಯಿದೆ ಬಂದದ್ದು 1842ರಲ್ಲಿ. ಅಷ್ಟರೊಳಗೆ ಬಹುತೇಕ ಎಲ್ಲರಿಗೂ ಓದು ಬರುತ್ತಿತ್ತು, ಬರಹ ಕೆಲವರಿಗೆ ಮಾತ್ರ.

ಬಾಸ್ಟನ್ ಇರುವ ಮ್ಯಾಸಚೂಸೆಟ್ಸಿನ ಕಾಯಿದೆಗಳೂ ಇದೇ ಜಾಡಿನವು: 1642ರಲ್ಲಿ ಮಕ್ಕಳ ಓದಿನ ಹೊಣೆ ತಂದೆತಾಯಿ ಮತ್ತು ಯಜಮಾನರ ಮೇಲೆ, ನೋಡಿಕೊಳ್ಳುವ ಹೊಣೆ ಊರಿನ ಆಯ್ದ ಹಿರಿಯರ ಮೇಲೆ, 1647ರಲ್ಲಿ 50 ಮನೆಗಳ ಊರಿಗೊಬ್ಬ ಶಿಕ್ಷಕ. ಸ್ಕಾಟ್ಲೆಂಡಿನಲ್ಲಿ ಅದೇ ವರ್ಷ, ಕುಟುಂಬ ಪ್ರಾರ್ಥನೆ ನಡೆಸದ ಯಜಮಾನನಿಗೆ ಮೊದಲು ಖಾಸಗಿಯಾಗಿ ಬುದ್ಧಿಮಾತು, ಆಮೇಲೆ ಹಿರಿಯರ ಸಭೆಯಲ್ಲಿ ಛೀಮಾರಿ, ಕೊನೆಗೆ ಕರ್ತನ ಭೋಜನದಿಂದ ದೂರ ಎಂದು ಚರ್ಚ್ ವಿಧಿಸಿತು.

ಮನೆಯಲ್ಲಿ ದಿನಾ ಪಾಠ, ಹೊರಗಿನವರ ಪರೀಕ್ಷೆ ಎಂದು ನಾನು ಮೇಲೆ ಹೇಳಿದ ಸೂತ್ರಕ್ಕೆ ಒಂದು ದೊಡ್ಡ ಅಪವಾದವಿದೆ: ಫ್ರಾನ್ಸಿನ ಹ್ಯೂಗೆನಾಟರು, ಎಂದರೆ ಅಲ್ಲಿನ ಕ್ಯಾಲ್ವಿನ್ ದಾರಿಯ ಪ್ರೊಟೆಸ್ಟಂಟರು. 1685ರಲ್ಲಿ ಅವರ ಧರ್ಮವೇ ನಿಷಿದ್ಧವಾಯಿತು. 1686ರ ಆಜ್ಞೆ 5ರಿಂದ 16 ವರ್ಷದ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಕ್ಯಾಥೊಲಿಕರ ಕೈಗೆ ಕೊಡಬೇಕೆಂದಿತು. ಎಲ್ಲ ಕಡೆ ಜಾರಿಯಾಗಲಿಲ್ಲ, ಆದಲ್ಲಿ ಮನೆಗಳು ಒಡೆದವು. ಪಾದ್ರಿ ಇಲ್ಲ, ಪರೀಕ್ಷೆ ಇಲ್ಲ, ಪುಸ್ತಕ ಸಿಕ್ಕರೆ ಸುಡುತ್ತಾರೆ. ಉಳಿದದ್ದು ಬಾಯಲ್ಲಿದ್ದ ಕೀರ್ತನೆಗಳು. 1562ರಿಂದ ಪೂರ್ತಿಯಾಗಿ ಫ್ರೆಂಚ್ ಪದ್ಯದಲ್ಲಿ ಹಾಡಿಕೊಂಡು ಬಂದವು, ಯಾರ ಮನೆ ಜಪ್ತಿ ಮಾಡಿದರೂ ಸಿಗದಂಥವು. ಹಗಲು ಮಗು ಊರ ಕ್ಯಾಥೊಲಿಕ್ ಪಾಠ ಕೇಳಿ ಬರುವುದು, ರಾತ್ರಿ ಬಾಗಿಲು ಹಾಕಿಕೊಂಡು ಮನೆಯವರು ಅದನ್ನು ತಿದ್ದುವುದು. ಹೀಗೆ ಒಂದು ನೂರು ವರ್ಷ ಅವರು ಬಾಳಿದರು. ಬಾಯಿಪಾಠವನ್ನು ಹಗುರವಾಗಿ ನೋಡುವವರಿಗೆ ನಾನು ಇವರನ್ನು ತೋರಿಸುತ್ತೇನೆ.

ಇನ್ನು ನಿಮ್ಮ ಅಜ್ಜಿ. ಬೇರು ಅಲ್ಲಿಯದೇ ಎನ್ನಲು ಅಡ್ಡಿಯಿಲ್ಲ. ಮಕ್ಕಳು ಬೆಳಿಗ್ಗೆ ಏಳುವಾಗ, ಊಟಕ್ಕೆ ಕೂರುವಾಗ, ರಾತ್ರಿ ಮಲಗುವಾಗ ಪಾಠ ಒಪ್ಪಿಸಲಿ, ಒಪ್ಪಿಸುವವರೆಗೆ ಊಟ ಕೊಡಬೇಡಿ ಎಂದು ಲೂಥರ್ ದೊಡ್ಡ ಪ್ರಶ್ನೋತ್ತರದಲ್ಲೇ ಬರೆದಿದ್ದಾನೆ. ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದ, ಜರ್ಮನಿಯ ಹಾಲೆ ಊರಿನ ಮಿಷನರಿಗಳು ಅವನ ಸಣ್ಣ ಪ್ರಶ್ನೋತ್ತರವನ್ನು ತಮಿಳಿಗೆ ತಂದರು. ಕನ್ನಡ ನಾಡಿಗೆ ಈ ಕ್ರಮ ಗಟ್ಟಿಯಾಗಿ ಬಂದದ್ದು 1834ರಲ್ಲಿ ಮಂಗಳೂರಿಗೆ ಇಳಿದು ಆಮೇಲೆ ಧಾರವಾಡದ ಕಡೆಗೆ ಬಂದ ಬಾಸೆಲ್ ಮಿಷನ್ನಿನವರಿಂದ. ಅವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನವರು, ಮನೆಯ ಪ್ರಾರ್ಥನೆ ಮತ್ತು ದೃಢೀಕರಣಕ್ಕೆ (ಬೆಳೆದ ಮಗು ಚರ್ಚಿನಲ್ಲಿ ತನ್ನ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ವಿಧಿಗೆ) ಮುಂಚಿನ ಪ್ರಶ್ನೋತ್ತರ ಎರಡರಲ್ಲೂ ಬೆಳೆದವರು. ಅಜ್ಜಿಯ ಪುಸ್ತಕ ಇನ್ನೂ ಮನೆಯಲ್ಲಿದ್ದರೆ ಹತ್ತು ಆಜ್ಞೆಗಳ ಪುಟ ತೆರೆದು ನೋಡಿ. ‘ನರಹತ್ಯೆ ಮಾಡಬಾರದು’ ಐದನೆಯದಾಗಿದ್ದರೆ ಆ ಎಣಿಕೆ ಲೂಥರನ ಕಡೆಯದು. ವಿಗ್ರಹದ ಆಜ್ಞೆ ಬೇರೆಯಾಗಿ ಎರಡನೆಯದಾಗಿ ನಿಂತು, ಇದು ಆರನೆಯದಾಗಿದ್ದರೆ ಜಿನೀವಾ ಮತ್ತು ಹೈಡಲ್‌ಬರ್ಗ್ ಕಡೆಯದು.